ಪುಟ್ಟಿ ಫ್ರೀ ಇದ್ದಾಳೆ

ನಲವತ್ತೊಂದು ದಾಟಿದ ಹೆಂಗಸನ್ನು ಇನ್ನೂ ಪುಟ್ಟಿ ಎಂದೇ ಕರೆಯುವ ಮನೆಯಲ್ಲಿ ಅವಳ ಮಾತಿಗೆ ಎಷ್ಟು ಕಿಮ್ಮತ್ತು ಎಂದು ಬೇರೆ ಹೇಳಬೇಕೆ? ಅಪ್ಪನಿಗೆ ಪುಟ್ಟಿ, ಅಣ್ಣನಿಗೆ ಪುಟ್ಟಿ, ಆಮೇಲೆ ಬಂದ ಅತ್ತಿಗೆಗೂ ಪುಟ್ಟಿ. ಹಾಲಿನವನು ಕೂಡ ಬಾಗಿಲಲ್ಲಿ ನಿಂತು "ಪುಟ್ಟೀ, ಪಾತ್ರೆ" ಎನ್ನುತ್ತಿದ್ದ. ಒಂದು ದಿನ ಅವಳು ತಿರುಗಿ ನೋಡಿದ ನೋಟಕ್ಕೆ ಮರುದಿನದಿಂದ ಅವನ ಬಾಯಲ್ಲಿ "ಅಕ್ಕಾ" ಬಂತು. ಮನೆಯವರನ್ನು ಹಾಗೆ ನೋಡಿ ಏನೂ ಪ್ರಯೋಜನವಿರಲಿಲ್ಲ. ಅವರು ಇವಳ ಮುಖ ನೋಡಿದರೆ ತಾನೆ!

ಮನೆಯ ಮುಂಭಾಗವೇ ಅಂಗಡಿ. ಸುಟ್ಟುಹೋದ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವ ಅಂಗಡಿ. ಬೀದಿಗೆ ಮುಖ ಮಾಡಿ ಒಂದು ಮೇಜು, ಮೇಜಿನ ಹಿಂದೆ ಕುರ್ಚಿಯಲ್ಲಿ ಅಪ್ಪ. ಅಪ್ಪನ ಬೆನ್ನಿಗೆ ಎದೆಮಟ್ಟದ ಹಲಗೆಯ ತಡಿಕೆ. ಅದರಾಚೆ ಕೆಲಸದ ಬೆಂಚು, ಬೆಂಚಿನ ಮುಂದೆ ಸ್ಟೂಲಿನ ಮೇಲೆ ಪುಟ್ಟಿ. ಬಂದ ಗಿರಾಕಿಗೆ ಅಪ್ಪ ಪೂರ್ತಿ ಕಾಣುತ್ತಾನೆ, ಪುಟ್ಟಿಯ ನೆತ್ತಿ ಮಾತ್ರ ಕಾಣುತ್ತದೆ.

ಕೆಲಸ ಕಲಿಸಿದವನು ಅಪ್ಪನೇ, ಅದರಲ್ಲಿ ಎರಡು ಮಾತಿಲ್ಲ. ಹದಿನಾರನೇ ವಯಸ್ಸಿಗೆ ಪಕ್ಕದಲ್ಲಿ ಕೂರಿಸಿಕೊಂಡ. ಸುಟ್ಟ ತಂತಿಯನ್ನು ಕತ್ತರಿಸಿ ತೆಗೆಯುವುದು, ಹಳೆಯ ಸುತ್ತುಗಳನ್ನು ಎಣಿಸುವುದು, ಮರದ ಅಚ್ಚಿನ ಮೇಲೆ ಅಷ್ಟೇ ಸುತ್ತು ಹೊಸ ತಂತಿ ಸುತ್ತುವುದು, ಕಬ್ಬಿಣದ ಸಂದಿಗಳಿಗೆ ಒಂದೊಂದೇ ಎಳೆಯಾಗಿ ಇಳಿಸುವುದು, ಕಟ್ಟುವುದು, ವಾರ್ನಿಷ್ ಕುಡಿಸಿ ಒಣಗಿಸುವುದು. ನೂರಾ ಹನ್ನೆರಡು ಸುತ್ತು ಎಂದರೆ ನೂರಾ ಹನ್ನೆರಡೇ. ನೂರಾ ಹತ್ತಾದರೆ ಮೋಟಾರು ಒಂದು ವಾರ ಓಡಿ ಮತ್ತೆ ಸುಟ್ಟುಕೊಂಡು ಬಂದು ಮುಖಕ್ಕೆ ಹೊಗೆ ಬಿಡುತ್ತದೆ. ಅದಕ್ಕೇ ಅಪ್ಪ ಒಂದು ನೇಮ ಮಾಡಿದ್ದ: ಎಣಿಕೆಯ ನಡುವೆ ಮನೆಗೆ ಬೆಂಕಿ ಬಿದ್ದರೂ ಮೊದಲು ಸಂಖ್ಯೆಯನ್ನು ಗೋಡೆಗೆ ಬರೆ, ಆಮೇಲೆ ಓಡು.

ಒಂಬತ್ತು ವರ್ಷದ ಹಿಂದೆ ಅಪ್ಪನ ಕೈ ನಡುಗಲು ಶುರುವಾಯಿತು. "ಸ್ವಲ್ಪ ದಿನ ನೀನೇ ನೋಡ್ಕೊ ಪುಟ್ಟೀ, ಕೈಗೆ ಯಾಕೋ ಹಿಡಿತ ಇಲ್ಲ" ಎಂದ. ಆ ಸ್ವಲ್ಪ ದಿನವೇ ಒಂಬತ್ತು ವರ್ಷವಾಯಿತು. ಗಿರಾಕಿಗಳು ಮೇಜಿನ ಮುಂದೆ ನಿಂತು ಮೋಟಾರಿನ ಕಾಯಿಲೆ ಹೇಳುತ್ತಾರೆ, ಅಪ್ಪ ಡಾಕ್ಟರನ ಹಾಗೆ ತಲೆಯಾಡಿಸಿ "ಗುರುವಾರ ಬನ್ನಿ" ಎನ್ನುತ್ತಾನೆ. ಗುರುವಾರ ಮೋಟಾರು ಗುಂಯ್ ಎಂದು ಓಡಿದರೆ "ಯಜಮಾನ್ರ ಕೈಗುಣ ಅಂದ್ರೆ ಕೈಗುಣ" ಎಂದು ಹೊಗಳುತ್ತಾರೆ. ಅಪ್ಪ ಕೈಗಳನ್ನು ಮೇಜಿನ ಕೆಳಗೆ ಮಡಿಲಲ್ಲಿ ಇಟ್ಟುಕೊಂಡು ಮೀಸೆಯಲ್ಲೇ ನಗುತ್ತಾನೆ. ಮೊದಮೊದಲು ಪುಟ್ಟಿಗೂ ಅದು ತಮಾಷೆಯಾಗಿಯೇ ಇತ್ತು. ಅಪ್ಪನ ಮರ್ಯಾದೆ ಉಳಿಯಲಿ ಬಿಡು ಎಂದುಕೊಂಡಳು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ತನಗಾಗಿಯೇ ಹುಟ್ಟಿದ್ದು ಎಂದು ಗೊತ್ತಾಗಲು ಕೆಲವು ವರ್ಷ ಬೇಕಾಯಿತು.

ಇನ್ನು ಆ ಪದದ ವಿಷಯ.

ಫ್ರೀ! ಇಷ್ಟೇ ಇಷ್ಟು ಪದ, ಮನೆಯ ಅರ್ಧ ಕೆಲಸ ಅದರ ಮೇಲೇ ನಡೆಯುತ್ತಿತ್ತು. ಸೋಪು ಕೊಂಡರೆ ಬಾಚಣಿಗೆ ಫ್ರೀ. ಬಸ್ಸಿನಲ್ಲಿ ಸೀಟು ಫ್ರೀ. ಡಾಕ್ಟರು ಅಪ್ಪನನ್ನು ಕೇಳುವುದು, "ಹೊಟ್ಟೆ ಫ್ರೀಯಾಗಿದೆಯಾ ಯಜಮಾನ್ರೇ?" ಅತ್ತಿಗೆ ತಲೆಸ್ನಾನ ಮಾಡಿ ಕೂದಲು ಫ್ರೀ ಬಿಟ್ಟುಕೊಂಡು ಆಫೀಸಿಗೆ ಹೋಗುತ್ತಾಳೆ. ಅಣ್ಣನ ವಿಮಾ ಕಚೇರಿಯ ಮ್ಯಾನೇಜರು "ನನ್ನ ಹತ್ರ ಫ್ರೀಯಾಗಿ ಮಾತಾಡಿ" ಎಂದರೆ ಯಾರೂ ಬಾಯಿ ಬಿಡಕೂಡದು ಎಂದು ಅರ್ಥವಂತೆ. ಪುಟ್ಟಿಯ ಬೆಂಚಿನ ಮೇಲೂ ಅದು ಬರುತ್ತದೆ. ಕೆಲಸ ಮುಗಿದ ಮೇಲೆ ಶಾಫ್ಟನ್ನು ಎರಡು ಬೆರಳಲ್ಲಿ ತಿರುಗಿಸಿ, ಎಲ್ಲೂ ತಡೆಯದೆ ತಿರುಗಿದರೆ "ಫ್ರೀ ಇದೆ" ಎನ್ನುವುದು. ದಿನದಲ್ಲಿ ಅವಳಿಗೆ ಆ ಪದ ಕೇಳಿ ಸಂತೋಷವಾಗುತ್ತಿದ್ದದ್ದು ಆ ಒಂದೇ ಗಳಿಗೆ.

ಉಳಿದ ಹೊತ್ತೆಲ್ಲ ಆ ಪದ ಅವಳ ಮೇಲೆ ಬೀಳುತ್ತಿತ್ತು. "ಪುಟ್ಟೀ ಫ್ರೀ ತಾನೆ, ಒಲೆ ಆರಿಸ್ತೀಯಾ?" "ಪುಟ್ಟೀ, ಹೇಗೂ ಫ್ರೀ ಇದ್ದೀಯಲ್ಲ, ಕರೆಂಟ್ ಬಿಲ್ ಕಟ್ಟಿ ಬಾ." "ಪಕ್ಕದ ಮನೆಯವರ ಬೀಗದ ಕೈ ಪುಟ್ಟಿ ಹತ್ರ ಕೊಡಿ, ಅವಳು ಫ್ರೀ." ಯೋಚಿಸಿ ನೋಡಿ, ನಮ್ಮಲ್ಲಿ ಇದಕ್ಕೆ ಎಷ್ಟು ಬೇರೆ ಬೇರೆ ಮಾತಿದ್ದವು. ಬಿಡುವು ಬೇರೆ, ಖಾಲಿ ಬೇರೆ, ಸಲೀಸು ಬೇರೆ, ಬಿಟ್ಟಿ ಬೇರೆ. "ಬಿಡುವಿದೆಯಾ?" ಎಂದು ಕೇಳಿದರೆ "ಇಲ್ಲಪ್ಪ" ಎನ್ನಬಹುದಿತ್ತು. "ನೀನು ಬಿಟ್ಟಿ ತಾನೆ?" ಎಂದು ಕೇಳುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ, ಕೇಳಿದ್ದರೆ ಇಕ್ಕಳದಿಂದ ಮೂಗು ಹಿಡಿಸಿಕೊಳ್ಳುತ್ತಿದ್ದರು. ಫ್ರೀ ಎಂದರೆ ಎಲ್ಲವೂ ಒಂದೇ ಗಂಟಿನಲ್ಲಿ, ಗಂಟು ಪುಟ್ಟಿಯ ತಲೆಯ ಮೇಲೆ!

ಹೋದ ತಿಂಗಳು ಒಂದು ದಿನ ಎಂಬತ್ತೊಂಬತ್ತನೇ ಸುತ್ತಿನಲ್ಲಿದ್ದಾಗ ಅತ್ತಿಗೆಯ ಫೋನು ಬಂತು. ಬಾಲ್ಕನಿಯಲ್ಲಿ ಒಣಗಲು ಹಾಕಿದ ಸೀರೆ ಹಾರಿಹೋಗುತ್ತೇನೋ ನೋಡು ಎಂದು. ಪುಟ್ಟಿ ಗೋಡೆಗೆ ಬರೆಯುವುದನ್ನು ಮರೆತು ಎದ್ದಳು. ಸೀರೆ ಎಲ್ಲಿಗೂ ಹಾರಿರಲಿಲ್ಲ, ಕ್ಲಿಪ್ಪಿನಲ್ಲಿ ಗಟ್ಟಿಯಾಗಿ ನೇತಾಡುತ್ತಿತ್ತು. ಹಾರಿದ್ದು ಎಣಿಕೆ. ಅಷ್ಟೂ ತಂತಿಯನ್ನು ಬಿಚ್ಚಿ ಒಂದರಿಂದ ಶುರು ಮಾಡಬೇಕಾಯಿತು. ಅವತ್ತು ಬಿಚ್ಚುತ್ತಾ ಬಿಚ್ಚುತ್ತಾ ಅವಳು ಬೈದ ಬೈಗುಳ ಕೇಳಿಸಿದ್ದರೆ ಆ ಸೀರೆ ತಾನಾಗಿಯೇ ಹಾರಿಹೋಗುತ್ತಿತ್ತು.

ವಿಷಯ ಕೈಮೀರಿದ್ದು ಅತ್ತಿಗೆಯ ತಾಯಿಯಿಂದ. ಪಾಪ, ಆ ಮುದುಕಿಯದೇನೂ ತಪ್ಪಿಲ್ಲ. ಅವರ ಎರಡೂ ಮೊಣಕಾಲಿಗೆ ಆಪರೇಷನ್ ಆಗಿತ್ತು. ಇನ್ನು ಮಗಳ ಮನೆಯಲ್ಲೇ ಇರಲಿ ಎಂದು ಅಣ್ಣ ಅತ್ತಿಗೆ ತೀರ್ಮಾನಿಸಿದರು. ಅದೂ ಸರಿಯೇ. ಆದರೆ ತೀರ್ಮಾನ ಅಲ್ಲಿಗೆ ನಿಲ್ಲಲಿಲ್ಲ. ಮಂಗಳವಾರ ಸಂಜೆ ಅಣ್ಣ ಆಫೀಸಿನಿಂದ ಒಂದು ಹಾಳೆ ಪ್ರಿಂಟ್ ತೆಗೆದುಕೊಂಡು ಬಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಡ್ಯೂಟಿ ಚಾರ್ಟಂತೆ! ಗೆರೆ ಎಳೆದು, ಬಣ್ಣ ತುಂಬಿ, ಬೆಳಗಿನ ಆರರಿಂದ ರಾತ್ರಿ ಒಂಬತ್ತರ ತನಕ ಮನೆಯ ನಾಲ್ವರು ಏನು ಮಾಡುತ್ತಾರೆ ಎಂದು ಬರೆದಿದ್ದ. ಅಣ್ಣನ ಸಾಲಿನಲ್ಲಿ ವಾಕಿಂಗ್, ಪೇಪರ್, ಆಫೀಸ್, ನ್ಯೂಸ್. ಅತ್ತಿಗೆಯ ಸಾಲಿನಲ್ಲಿ ಅಡುಗೆ, ಆಫೀಸ್, ಯೋಗ. ಅಪ್ಪನ ಸಾಲಿನಲ್ಲಿ ಉದ್ದಕ್ಕೂ ರೆಸ್ಟ್. ಪುಟ್ಟಿಯ ಸಾಲಿನಲ್ಲಿ ಹದಿನೈದು ಮನೆ, ಹದಿನೈದರಲ್ಲೂ ಫ್ರೀ. ಎಳೆಹಸಿರು ಬಣ್ಣ ಬೇರೆ.

"ಅಪ್ಪನಿಗೆ ಯಾಕೆ ರೆಸ್ಟು, ನನಗೆ ಯಾಕೆ ಫ್ರೀ?" ಎಂದು ಪುಟ್ಟಿ ಕೇಳಿದಳು. ಇನ್ನೂ ಮೆಲ್ಲಗೇ ಕೇಳಿದ್ದಳು.

"ಅಪ್ಪ ಇಷ್ಟು ವರ್ಷ ದುಡಿದಿದ್ದಾರೆ ಕಣೇ. ಎಪ್ಪತ್ನಾಲ್ಕಾಯ್ತು. ಇನ್ನೂ ಎಷ್ಟು ದಿನ ತಂತಿ ಸುತ್ಕೊಂಡು ಕೂತಿರ್ತಾರೆ? ಅಂಗಡಿ ಮುಚ್ಚಿಬಿಡೋಣ ಅಂತಿದ್ದೀನಿ. ಆ ಜಾಗ ಅತ್ತೆಗೆ ರೂಮು ಮಾಡಿದ್ರೆ ಗಾಳಿ ಬೆಳಕು ಚೆನ್ನಾಗಿರುತ್ತೆ. ನೀನೂ ಪಕ್ಕದಲ್ಲೇ ಇರ್ತೀಯಲ್ಲ, ಮಾತ್ರೆ, ಊಟ, ಬಚ್ಚಲು, ಎಲ್ಲ ನೋಡ್ಕೊಳ್ಳೋಕೆ."

"ಅಂಗಡಿ ಮುಚ್ಚಿದ್ರೆ ನಾನೇನು ಮಾಡ್ಲಿ?"

"ಅದನ್ನೇ ಹೇಳ್ತಿರೋದು, ಫ್ರೀ ಆಗ್ತೀಯ. ಅಪ್ಪನಿಗೆ ಹೆಲ್ಪ್ ಮಾಡೋ ತಾಪತ್ರಯ ಇರಲ್ಲ."

ಪುಟ್ಟಿಯ ಮೈಯೆಲ್ಲ ಉರಿದುಹೋಯಿತು. ಹೆಲ್ಪ್! ಒಂದೇ ಸೂರಿನ ಕೆಳಗೆ ಉಂಡು ಮಲಗುವ ಅಣ್ಣ. ಎಂಟೂವರೆಗೆ ಹೋಗಿ ಏಳಕ್ಕೆ ಬರುತ್ತಾನೆ, ಭಾನುವಾರ ಮಧ್ಯಾಹ್ನದ ತನಕ ಹಾಸಿಗೆ ಬಿಡುವುದಿಲ್ಲ. ತಡಿಕೆಯಾಚೆ ಒಂದು ಸಲ ಇಣುಕಿ ನೋಡಿದ್ದರೂ ಗೊತ್ತಾಗುತ್ತಿತ್ತು. ಇಣುಕಲಿಲ್ಲ. ಊಟದ ಹೊತ್ತಿಗೆ ಅಪ್ಪನ ಲೋಟ ತುಳುಕಿದರೂ ವಯಸ್ಸಾಯಿತಲ್ಲ ಎಂದುಕೊಂಡು ಬಿಟ್ಟುಬಿಟ್ಟ. ಅವನ ತಲೆಯಲ್ಲಿ ಅಪ್ಪ ಇನ್ನೂ ಅದೇ ಅಪ್ಪ, ತಂಗಿ ಇನ್ನೂ ಅದೇ ಇಕ್ಕಳ ಎತ್ತಿಕೊಡುವ ಪುಟ್ಟಿ. ಪರವಾಗಿಲ್ಲ, ಅಪ್ಪ ಹೇಳುತ್ತಾನೆ ಎಂದುಕೊಂಡು ಅವಳು ಅಪ್ಪನ ಕಡೆ ತಿರುಗಿದಳು. ಅಪ್ಪ ಊಟದ ಮೇಜಿನ ಬಳಿ ಕೂತು ಅನ್ನದ ತಟ್ಟೆಯನ್ನೇ ನೋಡುತ್ತಿದ್ದ.

"ಅಪ್ಪಾ, ಹೇಳಿ."

"ಏನು ಹೇಳೋದು? ಅವನು ಹೇಳೋದರಲ್ಲೂ ಒಂದು ಅರ್ಥ ಇದೆ. ನೀನು ಹೇಳೋದೂ ಇದೆ. ನೋಡೋಣ. ಬೀಗಿತಿಯವರು ಬರೋದಂತೂ ಬರ್ತಾರೆ… ನೀನೂ ಫ್ರೀ ಇದ್ದೀಯಲ್ಲ."

ಅಡ್ಡಗೋಡೆಯ ಮೇಲೆ ದೀಪ ಇಡುವುದೆಂದರೆ ಇದೇ. ಅಣ್ಣ ಅಂದದ್ದು ಅವಳಿಗೆ ಸಿಟ್ಟು ತರಿಸಿತ್ತು. ಅಪ್ಪ ಅಂದದ್ದು ಎದೆಗೆ ಚುಚ್ಚಿತು. ಅಣ್ಣನಿಗೆ ಗೊತ್ತಿಲ್ಲ, ದಡ್ಡ. ಅಪ್ಪನಿಗೆ ಗೊತ್ತು. ಒಂಬತ್ತು ವರ್ಷದಲ್ಲಿ ಈ ಬಾಗಿಲು ದಾಟಿ ಹೋದ ಪ್ರತಿ ಮೋಟಾರಿನ ಪ್ರತಿ ಸುತ್ತು ಯಾರ ಬೆರಳಿನದು ಎಂದು ಚೆನ್ನಾಗಿ ಗೊತ್ತು. ಇದೇ ಅಪ್ಪ ಇದೇ ಬೆಂಚಿನ ಮುಂದೆ ಇದೇ ತಂತಿ ಸುತ್ತುತ್ತಿದ್ದಾಗ ಯಾರಾದರೂ "ಫ್ರೀನಾ?" ಎಂದು ಕೇಳಿದ್ದುಂಟೆ? ಅಮ್ಮ ಬದುಕಿದ್ದಾಗ ಮಕ್ಕಳಿಬ್ಬರನ್ನೂ "ಶ್, ಅಪ್ಪ ಎಣಿಸ್ತಿದ್ದಾರೆ" ಎಂದು ಹಿಂದಿನ ಬಾಗಿಲಿನಿಂದ ಓಡಾಡಿಸುತ್ತಿದ್ದಳು. ಕಾಫಿ ಲೋಟ ಕೂಡ ಸದ್ದಿಲ್ಲದೆ ಇಟ್ಟು ಹೋಗುತ್ತಿದ್ದಳು. ಅದೇ ಕೋಣೆ, ಅದೇ ಸ್ಟೂಲು. ಕೂತವಳು ಪುಟ್ಟಿ ಎಂದ ಕೂಡಲೇ ಕೆಲಸ ಎನ್ನುವುದು ಆವಿಯಾಗಿ ಹೋಯಿತು. ಪುಟ್ಟಿ ಅವತ್ತು ಊಟ ಮಾಡಲಿಲ್ಲ. ಯಾರೂ ಕೇಳಲೂ ಇಲ್ಲ ಎನ್ನುವುದು ಇನ್ನೊಂದು ಕತೆ.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಒಬ್ಬ ಪೇಂಟರು, ಒಬ್ಬ ಬಡಗಿ ಬಂದು ಬಾಗಿಲು ಬಡಿದರು. ಅಣ್ಣ ಅತ್ತಿಗೆ ಆಗಲೇ ಹೊರಟುಹೋಗಿದ್ದರು. ಬಡಗಿಯ ಕೈಯಲ್ಲಿ ಟೇಪು, ಪೇಂಟರನ ಕೈಯಲ್ಲಿ ಎರಡು ಡಬ್ಬ.

"ಸಾಹೇಬ್ರು ಫೋನ್ ಮಾಡಿದ್ರು. ಒಂದು ರೂಮು ಫ್ರೀ ಮಾಡಿ, ಬಣ್ಣ ಹೊಡೆದು, ಹಿಡ್ಕೊಂಡು ಓಡಾಡೋಕೆ ಗೋಡೆಗೆ ಹಿಡಿಕೆ ಹಾಕಬೇಕಂತೆ. ಯಾವ ರೂಮು ಅಂತ ಪುಟ್ಟಿ ತೋರಿಸ್ತಾಳೆ, ಅವಳು ಫ್ರೀ ಇರ್ತಾಳೆ ಅಂದ್ರು. ಪುಟ್ಟಿ ಅಂದ್ರೆ ಯಾರು?" ಎಂದು ಬಡಗಿ ಅವಳ ಹಿಂದೆ ಯಾರೋ ಹುಡುಗಿ ಇದ್ದಾಳೇನೋ ಎಂದು ಇಣುಕಿದ.

"ನಾನೇ" ಎಂದಳು ಪುಟ್ಟಿ.

ಬಡಗಿ ಮುಜುಗರದಿಂದ ತಲೆ ಕೆರೆದುಕೊಂಡ. ಪೇಂಟರು ಆಗಲೇ ಒಳಗೆ ಬಂದು ಬೆಂಚಿನ ಪಕ್ಕದ ಗೋಡೆ ನೋಡುತ್ತಿದ್ದ. ಸ್ಟೂಲಿನ ಎತ್ತರದಿಂದ ಕೈ ಎಟುಕುವಷ್ಟು ಎತ್ತರದ ತನಕ ಪೆನ್ಸಿಲಿನಲ್ಲಿ ಬರೀ ಸಂಖ್ಯೆ. ಮೂವತ್ತೇಳು, ನೂರಾ ನಾಲ್ಕು, ಹನ್ನೊಂದು, ಅರವತ್ತಾರು. ಒಂದರ ಮೇಲೊಂದು, ಅಡ್ಡಡ್ಡ, ಕೆಲವು ಅಳಿಸಿ ಮತ್ತೆ ಬರೆದವು.

"ಇದೇನಕ್ಕಾ, ಲಾಟರಿ ನಂಬರಾ?"

"ಒಂದೊಂದು ನಂಬರಿಗೂ ಒಬ್ಬೊಬ್ಬರು ನನ್ನನ್ನ ಎಬ್ಬಿಸಿದಾರೆ" ಎಂದಳು ಪುಟ್ಟಿ.

ಅವನಿಗೆ ಅರ್ಥವಾಗಲಿಲ್ಲ. ಅವಳಿಗೇ ಆ ಕ್ಷಣಕ್ಕೆ ಪೂರ್ತಿ ಅರ್ಥವಾಯಿತು. ಗೋಡೆಯ ಮೇಲೆ ಅಂಗೈ ಅಗಲ ಜಾಗ ಉಳಿದಿರಲಿಲ್ಲ. ಇದರ ಮೇಲೆ ಎರಡು ಕೋಟು ಬಣ್ಣ ಬಳಿದರೆ ಮುಗಿಯಿತು, ಒಂಬತ್ತು ವರ್ಷ ಯಾರೂ ಇಲ್ಲಿ ಕೂತೇ ಇರಲಿಲ್ಲ ಎಂದಾಗುತ್ತದೆ. ಸಿಟ್ಟು ಎಲ್ಲಿತ್ತೋ ಏನೋ, ಸರ್ರನೆ ನೆತ್ತಿಗೇರಿತು.

"ಈ ಕಡೆ ಬನ್ನಿ" ಎಂದು ಇಬ್ಬರನ್ನೂ ನಡುಮನೆ ದಾಟಿಸಿ ಕರೆದುಕೊಂಡು ಹೋಗಿ ಅಣ್ಣ ಅತ್ತಿಗೆಯ ರೂಮಿನ ಬಾಗಿಲು ತೆಗೆದಳು. ದೊಡ್ಡ ಕಿಟಕಿ, ಫ್ಯಾನು, ರೂಮಿಗೇ ಅಂಟಿಕೊಂಡ ಬಚ್ಚಲು. ಮೊಣಕಾಲು ಕುಯ್ಯಿಸಿಕೊಂಡವರು ಮೂರು ಹೆಜ್ಜೆ ಇಟ್ಟರೆ ಸಾಕು. ಅಂಗಡಿಯಿಂದಾದರೆ ಬಚ್ಚಲಿಗೆ ಎರಡು ಹೊಸ್ತಿಲು, ಒಂದು ಮೆಟ್ಟಿಲು. ಇದು ಅಣ್ಣನ ಬಣ್ಣ ಬಣ್ಣದ ಚಾರ್ಟಿಗೆ ಹೊಳೆದೇ ಇರಲಿಲ್ಲ.

"ಈ ರೂಮಾ?" ಎಂದ ಬಡಗಿ, ಮಂಚ, ಬೀರು, ಗೋಡೆಯ ಮೇಲಿನ ಸರ್ಟಿಫಿಕೇಟುಗಳನ್ನು ನೋಡುತ್ತಾ.

"ಇದೇ. ಎಂಟೂವರೆಯಿಂದ ಏಳರ ತನಕ ಇಲ್ಲಿ ನರಪಿಳ್ಳೆ ಇರಲ್ಲ. ಪೂರಾ ಫ್ರೀ. ಎತ್ತಿ ಮಂಚ."

ಮಂಚ ನಡುಮನೆಗೆ ಬಂತು. ಬೀರು ಅದರ ಪಕ್ಕಕ್ಕೆ ಬಂತು. ಅಣ್ಣನ ಇಸ್ತ್ರಿ ಮಾಡಿದ ಅಂಗಿಗಳನ್ನು ಪುಟ್ಟಿ ಮಡಿಕೆ ಕೆಡದಂತೆ ತಂದು ಸೋಫಾದ ಮೇಲೆ ಪೇರಿಸಿದಳು. ಇಸ್ತ್ರಿ ಮಾಡಿದವಳೂ ಅವಳೇ ಆಗಿದ್ದರಿಂದ ಮಡಿಕೆ ಕೆಡಿಸಲು ಮನಸ್ಸು ಬರಲಿಲ್ಲ. "ವರ್ಷದ ಉತ್ತಮ ಸಾಧಕ" ಎಂದು ಬರೆದ ಸರ್ಟಿಫಿಕೇಟನ್ನು ಪೇಂಟರು ಎಲ್ಲಿಡಲಿ ಎಂದು ಕೇಳಿದ. "ಫ್ರಿಜ್ಜಿನ ಮೇಲೆ" ಎಂದಳು. ಅಪ್ಪ ಅಂಗಡಿಯ ಕುರ್ಚಿಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತ.

"ಏನೇ ಇದು ಪುಟ್ಟೀ?"

"ರೂಮು ಫ್ರೀ ಮಾಡ್ತಿದ್ದೀವಿ ಅಪ್ಪಾ. ನೀವು ರೆಸ್ಟ್ ತಗೊಳ್ಳಿ, ಚಾರ್ಟಲ್ಲಿ ಹಾಗಿದೆ."

ಅಪ್ಪ ಮೆಲ್ಲಗೆ ತನ್ನ ಕುರ್ಚಿಗೆ ಹೋಗಿ ಬೀದಿ ನೋಡುತ್ತಾ ಕೂತ. ಪುಟ್ಟಿ ಬೆಂಚಿಗೆ ಮರಳಿದಳು. ಹಿಟ್ಟಿನ ಗಿರಣಿಯ ಮೋಟಾರು ಸಂಜೆ ಏಳಕ್ಕೆ ಕೊಡಬೇಕಿತ್ತು. ವಾರ್ನಿಷ್ ಒಣಗಿತ್ತು, ಬೇರಿಂಗು ಕೂರಿಸಿ ಮುಚ್ಚಳ ಬಿಗಿಯಬೇಕಿತ್ತು. ಅದು ಮುಗಿಸಿ ಒಂದು ಸಣ್ಣ ಪಂಪಿನ ಮೋಟಾರಿಗೆ ತಂತಿ ಇಳಿಸಲು ಕೂತಳು. ಅವತ್ತು ಫೋನು ಎಂಟು ಸಲ ಹೊಡೆದುಕೊಂಡಿತು. ಎತ್ತಲಿಲ್ಲ. ಬೆಳಗಿನಿಂದ ಸಂಜೆಯ ತನಕ ಗೋಡೆಗೆ ಒಂದೇ ಒಂದು ಸಂಖ್ಯೆ ಬರೆಯದೆ ಕೆಲಸ ಮಾಡಿದ ಇನ್ನೊಂದು ದಿನ ಅವಳ ನೆನಪಿನಲ್ಲೇ ಇರಲಿಲ್ಲ.

ಏಳಕ್ಕೆ ಐದು ನಿಮಿಷ ಇದ್ದಾಗ ಅಣ್ಣ ಅತ್ತಿಗೆ ಒಟ್ಟಿಗೇ ಬಂದರು. ಅಂಗಡಿ ಇದ್ದ ಹಾಗೇ ಇದ್ದದ್ದು ನೋಡಿ ಅಣ್ಣ ಹುಬ್ಬುಗಂಟಿಕ್ಕಿ ಒಳಗೆ ಹೋದ. ಒಳಗಿನಿಂದ ಬಂದ ಕೂಗಿಗೆ ಪಕ್ಕದ ಮನೆಯ ಕಿಟಕಿ ತೆರೆಯಿತು.

"ಇದ್ಯಾರು ಮಾಡಿದ್ದು? ನನ್ನ ರೂಮು! ನನ್ನ ಮಂಚ ನಡುಮನೇಲಿ!"

"ನನ್ನ ಮಂಚ ನಿನ್ನ ಮದುವೆ ಆದಾಗಿನಿಂದ, ಹತ್ತೊಂಬತ್ತು ವರ್ಷದಿಂದ ನಡುಮನೇಲೇ ಇದೆ" ಎಂದಳು ಪುಟ್ಟಿ, ತಡಿಕೆಯ ಆಚೆಯಿಂದ ಎದ್ದು ನಿಂತು. "ನಿನಗೆ ಇವತ್ತು ಕಾಣಿಸ್ತಾ?"

"ತಲೆ ಕೆಟ್ಟಿದೆಯಾ ನಿಂಗೆ? ನಾನು ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗೋನು. ನಂಗೆ ನಿದ್ದೆ ಬೇಡ್ವಾ?"

"ನಾನು ಬೆಳಗ್ಗೆ ಎದ್ದು ಎಲ್ಲಿಗೆ ಹೋಗ್ತೀನಿ ಅಂದ್ಕೊಂಡಿದ್ದೀಯ?"

"ನಮ್ಮಮ್ಮ ಬರೋದು ನಿಂಗೆ ಇಷ್ಟ ಇಲ್ಲ ಅಂದಿದ್ರೆ ಬಾಯಿ ಬಿಟ್ಟು ಹೇಳಬಹುದಿತ್ತು ಪುಟ್ಟಿ" ಎಂದಳು ಅತ್ತಿಗೆ. ಅವಳ ಕಣ್ಣು ಆಗಲೇ ತುಂಬಿತ್ತು.

"ನಿಮ್ಮಮ್ಮ ಬರಲಿ ಅತ್ತಿಗೆ. ಒಳ್ಳೇ ರೂಮಲ್ಲೇ ಇರಲಿ, ಬಚ್ಚಲು ಮೂರು ಹೆಜ್ಜೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನನ್ನ ಕೇಳದೆ ನನ್ನನ್ನ ಹಂಚಿಬಿಟ್ಟಿರಲ್ಲ, ಅದಕ್ಕೆ ಸಿಟ್ಟು."

ಸರಿಯಾಗಿ ಅಷ್ಟು ಹೊತ್ತಿಗೆ ಗಿರಣಿಯವನು ಬಂದ. ಮೈತುಂಬ ಹಿಟ್ಟು, ಹುಬ್ಬೂ ಬಿಳಿ. ಮನೆಯೊಳಗಿನ ಬಿಸಿ ಅವನಿಗೆ ತಟ್ಟಲಿಲ್ಲವೋ, ತಟ್ಟಿದರೂ ಮೋಟಾರು ಮುಖ್ಯವೋ, ಮೇಜಿನ ಮುಂದೆ ನಿಂತು ಅಪ್ಪನಿಗೆ ಕೈಮುಗಿದ. ಪುಟ್ಟಿ ಒಂದು ಮಾತೂ ಆಡದೆ ಮೋಟಾರಿಗೆ ವಯರು ಕೊಟ್ಟು ಸ್ವಿಚ್ಚು ಒತ್ತಿದಳು. ಒಂದಿಷ್ಟೂ ಅದುರದೆ, ಕೊರಗದೆ, ಒಂದೇ ಶ್ರುತಿಯಲ್ಲಿ ಓಡಿತು.

"ಆಹಾ! ಯಜಮಾನ್ರೇ, ನಿಮ್ಮ ಕೈಗೆ ಬಂಗಾರದ ಬಳೆ ತೊಡಿಸಬೇಕು. ಮುಂದಿನ ವಾರ ಇನ್ನೊಂದು ತರ್ತೀನಿ."

"ಇನ್ನು ತರಬೇಡಿ" ಎಂದ ಅಣ್ಣ. "ಅಂಗಡಿ ಮುಚ್ತಿದ್ದೀವಿ. ಅಪ್ಪನಿಗೆ ವಯಸ್ಸಾಯ್ತು, ಇನ್ನು ಅವರ ಕೈಲಿ ಆಗಲ್ಲ."

"ಅಯ್ಯೋ ದೇವರೇ! ಯಜಮಾನ್ರು ಕೈ ಬಿಟ್ರೆ ನಮ್ಮ ಗಿರಣಿ ಗತಿ ಏನು? ಇಂಥ ಕೈ ಇನ್ನೆಲ್ಲಿ ಸಿಗುತ್ತೆ?"

ಅಪ್ಪ ನಕ್ಕ. ಅದೇ ಮೀಸೆಯೊಳಗಿನ ನಗು. ಇಷ್ಟೆಲ್ಲ ಆದಮೇಲೂ ಆ ನಗು ಬಂತಲ್ಲ! ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಪುಟ್ಟಿ ಬೆಂಚಿನ ಮೇಲಿದ್ದ ಪಂಪಿನ ಮೋಟಾರನ್ನು ಎತ್ತಿ ತಂದು ಅಪ್ಪನ ಮುಂದೆ ಮೇಜಿನ ಮೇಲೆ ಕುಕ್ಕಿದಳು. ಎಲ್ಲ ಸಂದಿಗಳೂ ತುಂಬಿ, ಕೊನೆಯ ಸಂದಿಗೆ ಇಳಿಸಬೇಕಾದ ಒಂದು ಹಿಡಿ ತಂತಿ ಹೊರಗೆ ನೇತಾಡುತ್ತಿತ್ತು.

"ಇಳಿಸಿ ಅಪ್ಪಾ. ಒಂದೇ ಒಂದು ಎಳೆ. ಇವರೆಲ್ಲ ನೋಡಲಿ ನಿಮ್ಮ ಕೈಗುಣ."

"ಪುಟ್ಟೀ…"

"ಇಳಿಸಿ!"

ಅಪ್ಪ ಮಗಳ ಮುಖ ನೋಡಿದ. ಆಮೇಲೆ ಮೇಜಿನ ಕೆಳಗಿನಿಂದ ಎರಡೂ ಕೈ ಮೇಲೆ ತೆಗೆದ. ಬಲಗೈಯಲ್ಲಿ ಎಳೆ ಹಿಡಿದ, ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದ. ಹಿಡಿದ ಕೈಯೂ ನಡುಗಿತು, ಹಿಡಿಸಿಕೊಂಡ ಕೈಯೂ ನಡುಗಿತು. ತಂತಿ ಸಂದಿಯ ಈ ಅಂಚಿಗೆ ತಾಗಿತು, ಆ ಅಂಚಿಗೆ ತಾಗಿತು, ಒಳಗೆ ಹೋಗಲಿಲ್ಲ. ಕಬ್ಬಿಣಕ್ಕೆ ತರಚಿ ಮೇಲಿನ ಲೇಪ ಎದ್ದುಬಂತು. ಅಣ್ಣ ಒಂದು ಹೆಜ್ಜೆ ಮುಂದೆ ಬಂದು ಅಪ್ಪನ ಕೈಯನ್ನೇ ನೋಡುತ್ತಾ ನಿಂತುಬಿಟ್ಟ. ಮೂರನೇ ಸಲಕ್ಕೆ ಎಳೆ ಬೆರಳಿನಿಂದ ಜಾರಿತು. ಅಪ್ಪ ಅದನ್ನು ಮತ್ತೆ ಹುಡುಕಲು ಹೋಗಲಿಲ್ಲ.

ಪುಟ್ಟಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಮುದುಕನನ್ನು ನಾಲ್ಕು ಜನರ ಮುಂದೆ ಹೀಗೆ ಮಾಡಬೇಕಿತ್ತೇ? ಹಾಗೆ ಅನಿಸಿದ್ದೂ ನಿಜ, ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿಯದೆ ಇದ್ದದ್ದೂ ನಿಜ.

"ಒಂಬತ್ತು ವರ್ಷದಿಂದ ಇವಳೇ ಸುತ್ತೋದು" ಎಂದ ಅಪ್ಪ. ಗಿರಣಿಯವನಿಗೆ ಹೇಳಿದ, ಮಗನಿಗೂ ಕೇಳುವ ಹಾಗೆ ಹೇಳಿದ. "ನಿಮ್ಮ ಗಿರಣಿಯ ನಾಲ್ಕೂ ಮೋಟಾರು ಇವಳ ಕೈದೇ. ನಾನು ಬರೀ ಈ ಕುರ್ಚಿ ಬಿಸಿ ಮಾಡೋನು."

ಗಿರಣಿಯವನು ಹಿಟ್ಟಿನ ಕೈಯನ್ನು ಹಿಟ್ಟಿನ ಪಂಚೆಗೆ ಒರೆಸಿಕೊಂಡ.

"ಮತ್ತೆ ಯಾಕಪ್ಪಾ ಹೇಳ್ಲಿಲ್ಲ?" ಎಂದ ಅಣ್ಣ. ಅವನ ದನಿ ಎಲ್ಲಿಗೋ ಇಳಿದಿತ್ತು.

"ಹೇಳಿದ್ರೆ ಏನಾಗ್ತಿತ್ತು ಗೊತ್ತಾ? ನೀವೆಲ್ಲ ನನ್ನನ್ನ ಫ್ರೀ ಅಂತಿದ್ರಿ. 'ಅಪ್ಪ ಫ್ರೀ, ಹಾಲು ತರ್ಲಿ. ಅಪ್ಪ ಫ್ರೀ, ಬಾಗಿಲು ಕಾಯ್ಲಿ.' ಈ ಮನೇಲಿ ನಿಜವಾಗಿ ಫ್ರೀ ಇರೋನು ನಾನೊಬ್ಬನೇ ಕಣೋ. ಒಪ್ಕೊಳ್ಳೋಕೆ ನಾಚಿಕೆ ಆಯ್ತು. ಅದಕ್ಕೇ ಆ ಮಾತನ್ನ ಇವಳ ತಲೆಗೆ ಕಟ್ಟಿ ಸುಮ್ನೆ ಕೂತೆ."

ಒಂಬತ್ತು ವರ್ಷದಿಂದ ಈ ಮಾತಿಗಾಗಿ ಕಾದಿದ್ದಳು ಪುಟ್ಟಿ. ಬಂದಾಗ ಸಂತೋಷವಾಗುತ್ತದೆ ಎಂದುಕೊಂಡಿದ್ದಳು. ಸಂತೋಷವೂ ಆಗಲಿಲ್ಲ, ಮಣ್ಣೂ ಆಗಲಿಲ್ಲ. ತರಚಿದ ಎಳೆಯನ್ನು ಕತ್ತರಿಸಿ ಬೇರೆ ಬೆಸೆಯಬೇಕು, ಅದೊಂದು ಕೆಲಸ ಹೆಚ್ಚಾಯಿತು ಎಂದು ಯೋಚಿಸುತ್ತಾ ಪಂಪಿನ ಮೋಟಾರನ್ನು ಮತ್ತೆ ಎತ್ತಿಕೊಂಡಳು.

ಅಪ್ಪ ಅತ್ತಿಗೆಯ ಕಡೆ ತಿರುಗಿದ. "ಬೀಗಿತಿಯವರು ಬರ್ಲಮ್ಮಾ. ಆ ರೂಮಲ್ಲೇ ಇರಲಿ. ಹಗಲು ನಾನು ನೋಡ್ಕೊಳ್ತೀನಿ, ಮಾತ್ರೆ ಹೊತ್ತೊತ್ತಿಗೆ ಕೊಡ್ತೀನಿ. ಎತ್ತಿ ಕೂರಿಸೋಕೆಲ್ಲ ಯಾರಾದ್ರೂ ಹೆಂಗಸನ್ನ ಗೊತ್ತು ಮಾಡಿ, ಇವಳನ್ನಲ್ಲ. ಲೋಟದಲ್ಲಿ ನೀರು ಕೊಡೋವಾಗ ಅರ್ಧ ಚೆಲ್ಲುತ್ತೆ, ಅದೊಂದೇ."

"ಲೋಟ ಯಾಕೆ, ಮುಚ್ಚಳ ಇರೋ ಬಾಟ್ಲಿ ತಗೊಳ್ಳಿ" ಎಂದಳು ಪುಟ್ಟಿ ತಡಿಕೆಯ ಆಚೆಯಿಂದ, ಇನ್ನೂ ಸಿಟ್ಟಿನಲ್ಲೇ.